ದಿನ ತುಂಬದ ಮಗುವಿಗೆ ಎಷ್ಟು ಹಾಲು ಬೇಕು?

ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಆಸ್ಪತ್ರೆಯಿಂದ ದೂರವಾಣಿ ಮಾಡಿದ್ದರು. ಈಗ ಅವರು ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕರು. ಅವರ ಹೆಂಡತಿಗೆ ಮೂವತ್ತನೆಯ ವಾರದಲ್ಲೇ ಹೆರಿಗೆಯಾಗಿತ್ತು. 1 ಕಿ.ಗ್ರಾಂ. 200 ಗ್ರಾಂ ತೂಕದ ಹೆಣ್ಣು ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿತ್ತು. "ಸರ್, ಎರಡು ಗಂಟೆಗೊಮ್ಮೆ ಎರಡು ಮಿಲಿಲೀಟರ್ ಹಾಲು ಕೊಡ್ತಾ ಇದಾರೆ. ಪ್ರಯೋಗಾಲಯದಲ್ಲಿ ಪಿಪೆಟ್ಟಿನಿಂದ ತಗೋತೀವಲ್ಲ, ಅಷ್ಟೇ. ಇಷ್ಟರಲ್ಲಿ ಮಗು ಬದುಕುತ್ತಾ?" ಎಂದು ಕೇಳಿದರು.

ನಾನು ಭೌತವಿಜ್ಞಾನದವನು, ವೈದ್ಯನಲ್ಲ. "ಈ ಪ್ರಶ್ನೆಯನ್ನು ಅಲ್ಲಿನ ವೈದ್ಯರಿಗೇ ಕೇಳಿ" ಎಂದೆ. ಅವರು ಕೇಳಿದರು. ವೈದ್ಯರು ತಾಳ್ಮೆಯಿಂದ ವಿವರಿಸಿದರಂತೆ. ಮುಂದಿನ ಆರು ವಾರ ನಾವಿಬ್ಬರೂ ಆಗಾಗ ಮಾತನಾಡುತ್ತ ವೈದ್ಯರು ಹೇಳಿದ ಒಂದೊಂದು ಸಂಖ್ಯೆಯ ಹಿಂದೆಯೂ ಇರುವ ಲೆಕ್ಕವನ್ನು ಹುಡುಕುತ್ತ ಹೋದೆವು. ಆ ಲೆಕ್ಕವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ಹತ್ತನೆಯ ತರಗತಿಯ ಭೌತವಿಜ್ಞಾನವನ್ನು ಮೀರಿದ್ದು ಹೆಚ್ಚೇನೂ ಇಲ್ಲ.

ಗರ್ಭದಲ್ಲಿ ತಪ್ಪಿಹೋದ ವಾರಗಳು

37 ವಾರ ತುಂಬುವ ಮೊದಲೇ ಆಗುವ ಜನನವನ್ನು ಅವಧಿಪೂರ್ವ ಜನನ ಎನ್ನುತ್ತಾರೆ. 'ದಿನ ತುಂಬದ ಮಗು' ಎಂಬ ನಮ್ಮ ಹಳ್ಳಿಯ ಮಾತು ಇದಕ್ಕಿಂತ ಚೆನ್ನಾಗಿದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹೀಗೆ ಹುಟ್ಟಿದವೆಂದು ಅಂದಾಜು. ಅವುಗಳಲ್ಲಿ ಸುಮಾರು 30 ಲಕ್ಷ ಭಾರತದವು. ಬೇರಾವ ದೇಶದಲ್ಲೂ ಇಷ್ಟು ಸಂಖ್ಯೆ ಇಲ್ಲ.

ಇಂಥ ಮಗು ಚಿಕ್ಕದು ಎಂಬುದಷ್ಟೇ ಸಮಸ್ಯೆಯಲ್ಲ. ಗರ್ಭದ ಕೊನೆಯ ಮೂರು ತಿಂಗಳು ದಾಸ್ತಾನಿನ ಕಾಲ. ದಿನ ತುಂಬಿದ ಶಿಶುವಿನ ಮೂಳೆಗಳಲ್ಲಿರುವ ಕ್ಯಾಲ್ಸಿಯಂನ ಸುಮಾರು ಶೇ. 80 ಭಾಗ ಈ ಅವಧಿಯಲ್ಲೇ ಸೇರುತ್ತದೆ. ಯಕೃತ್ತಿನ ಗ್ಲೈಕೊಜೆನ್, ಕಬ್ಬಿಣದ ಸಂಗ್ರಹ, ಚರ್ಮದಡಿಯ ಕೊಬ್ಬು, ಮೆದುಳಿಗೆ ಬೇಕಾದ ವಿಶೇಷ ಕೊಬ್ಬಿನಾಮ್ಲಗಳು, ಎಲ್ಲವೂ ಹೆಚ್ಚಾಗಿ ಆಗಲೇ ತುಂಬಿಕೊಳ್ಳುವುದು. ಜರಾಯು (ಮಾಸು) ಬರಿಯ ಸೋಸುಬಟ್ಟೆಯಲ್ಲ. ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಸಾಂದ್ರತೆಯಲ್ಲಿ ಕ್ಯಾಲ್ಸಿಯಂ ಮಗುವಿನ ರಕ್ತದಲ್ಲಿರುವಂತೆ ಅದು ಶಕ್ತಿ ವ್ಯಯಿಸಿ ದಾಟಿಸುತ್ತದೆ. ಇಳಿಜಾರಿಗೆ ವಿರುದ್ಧವಾಗಿ ನೀರೆತ್ತುವ ಪಂಪಿನ ಕೆಲಸ ಇದು. ಹೆರಿಗೆಯೊಡನೆ ಈ ಪಂಪು ಒಮ್ಮೆಲೇ ನಿಂತುಹೋಗುತ್ತದೆ. ಬೆಳವಣಿಗೆಯ ಅವಶ್ಯಕತೆ ಮಾತ್ರ ನಿಲ್ಲುವುದಿಲ್ಲ. ಗರ್ಭದಲ್ಲಿದ್ದಿದ್ದರೆ ದಿನಕ್ಕೆ ಪ್ರತಿ ಕಿಲೋಗ್ರಾಂಗೆ 15ರಿಂದ 20 ಗ್ರಾಂ ತೂಕ ಏರುತ್ತಿತ್ತು. ಹೊರಗೆ ಬಂದ ಮೇಲೂ ಅದೇ ದರದಲ್ಲಿ ಬೆಳೆಯಬೇಕೆಂಬುದು ವೈದ್ಯರ ಗುರಿ. 60 ಕಿ.ಗ್ರಾಂ. ತೂಕದ ನೀವು ಈ ದರದಲ್ಲಿ ಬೆಳೆದರೆ ದಿನಕ್ಕೆ ಒಂದು ಕಿಲೋಗ್ರಾಂ ಹೆಚ್ಚಬೇಕಾದೀತು!

ಆರು ವ್ಯಾಟಿನ ದೇಹ

ಲೆಕ್ಕಕ್ಕೆ ಸುಲಭವಾಗಲೆಂದು ಸರಿಯಾಗಿ 1 ಕಿ.ಗ್ರಾಂ. ತೂಗುವ ಮಗುವನ್ನು ತೆಗೆದುಕೊಳ್ಳೋಣ. ಬಾಯಿಯ ಮೂಲಕ ಪೂರ್ಣ ಆಹಾರ ತೆಗೆದುಕೊಳ್ಳುವ ಹಂತಕ್ಕೆ ಬಂದಾಗ ಅದಕ್ಕೆ ದಿನಕ್ಕೆ ಸುಮಾರು 120 ಕಿಲೋಕ್ಯಾಲೊರಿ ಬೇಕು. 4.18ರಿಂದ ಗುಣಿಸಿದರೆ ಸುಮಾರು 500 ಕಿಲೋಜೂಲ್. ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ 5.8 ವ್ಯಾಟ್. ಒಂದು ಚಿಕ್ಕ ಎಲ್‌ಇಡಿ ಬಲ್ಬಿನಷ್ಟು. ದಿನಕ್ಕೆ 2,000 ಕಿಲೋಕ್ಯಾಲೊರಿ ಸೇವಿಸುವ 60 ಕಿ.ಗ್ರಾಂ. ತೂಕದ ವಯಸ್ಕರ ಲೆಕ್ಕವನ್ನೂ ಹೀಗೆಯೇ ಮಾಡಿ. ಒಟ್ಟು 97 ವ್ಯಾಟ್, ಆದರೆ ಪ್ರತಿ ಕಿಲೋಗ್ರಾಂಗೆ ಕೇವಲ 1.6 ವ್ಯಾಟ್. ತೂಕಕ್ಕೆ ಹೋಲಿಸಿದರೆ ಮಗು ನಮಗಿಂತ ಮೂರೂವರೆ ಪಟ್ಟು ಹೆಚ್ಚು ಉಣ್ಣುತ್ತದೆ.

ಏಕೆ? ಒಂದು ಕಾರಣ ಬೆಳವಣಿಗೆ. ಇನ್ನೊಂದು, ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಕೂಡಲೇ ಹೊಳೆಯಬೇಕಾದದ್ದು, ಮೇಲ್ಮೈ ಮತ್ತು ಗಾತ್ರಗಳ ಅನುಪಾತ. 1 ಕಿ.ಗ್ರಾಂ. ಮಗುವಿನ ಚರ್ಮದ ವಿಸ್ತೀರ್ಣ ಸುಮಾರು 0.1 ಚದರ ಮೀಟರ್. ವಯಸ್ಕರದು ಸುಮಾರು 1.6 ಚದರ ಮೀಟರ್. ಪ್ರತಿ ಕಿಲೋಗ್ರಾಂಗೆ ನೋಡಿದರೆ ಮಗುವಿಗೆ 1,000 ಚದರ ಸೆಂ.ಮೀ., ನಮಗೆ 270 ಚದರ ಸೆಂ.ಮೀ. ಇಲ್ಲೂ ಅನುಪಾತ ಮೂರೂವರೆಯ ಆಸುಪಾಸಿನಲ್ಲೇ ಬಂತು. ಎರಡೂ ಒಂದೇ ಬಂದವೆಂದು ಅದನ್ನು ನಿಯಮವೆಂದು ಬರೆದುಕೊಳ್ಳಬೇಡಿ. ಮಗುವಿನ ಆಹಾರದ ಒಂದು ಪಾಲು ಉಷ್ಣವಾಗದೆ ದೇಹವಾಗಿಯೇ ಉಳಿಯುತ್ತದೆ. ಆದರೆ ಉಷ್ಣ ಸೋರಿಹೋಗುವ ಕಿಟಕಿ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಆ ಕಿಟಕಿಗೆ ಪರದೆಯೂ ಇಲ್ಲ. ಚರ್ಮದಡಿಯಲ್ಲಿ ಕೊಬ್ಬಿಲ್ಲ, ಚಳಿಯಾದರೆ ನಡುಗುವ ಶಕ್ತಿಯೂ ಇಲ್ಲ. ಚರ್ಮದ ಹೊರಪದರ ತೀರ ತೆಳು. ಹಾಗಾಗಿ ಒಳಗಿನ ನೀರು ನೇರವಾಗಿ ಆವಿಯಾಗುತ್ತಿರುತ್ತದೆ. ದಿನಕ್ಕೆ 40 ಗ್ರಾಂ ನೀರು ಹೀಗೆ ಹೋಯಿತೆನ್ನಿ. ದೇಹದ ಉಷ್ಣತೆಯಲ್ಲಿ ನೀರಿನ ಗುಪ್ತೋಷ್ಣ ಗ್ರಾಂಗೆ ಸುಮಾರು 0.58 ಕಿಲೋಕ್ಯಾಲೊರಿ. ಅಂದರೆ 23 ಕಿಲೋಕ್ಯಾಲೊರಿ ನಷ್ಟ. 100 ಮಿ.ಲೀ. ಎದೆಹಾಲಿನಲ್ಲಿ ಸುಮಾರು 67 ಕಿಲೋಕ್ಯಾಲೊರಿ ಇರುತ್ತದೆ. ಹಾಗಾದರೆ ಈ ನಷ್ಟವನ್ನು ತುಂಬಲೆಂದೇ 35 ಮಿ.ಲೀ. ಹಾಲು ಬೇಕು. ದಿನದ ಹಾಲಿನ ಐದನೇ ಒಂದು ಭಾಗ ಬರಿಯ ಆವಿಯ ಬಾಬ್ತು! ತೇವಭರಿತ ಇನ್‌ಕ್ಯುಬೇಟರ್, ತಲೆಗೆ ಟೊಪ್ಪಿಗೆ, ಕಾಲಿಗೆ ಚೀಲ ಇವೆಲ್ಲ ಆಹಾರದ ಉಳಿತಾಯವೂ ಹೌದು ಎಂದು ಆಗ ನಮಗೆ ಅರ್ಥವಾಯಿತು.

ಎರಡು ಮಿಲಿಲೀಟರಿನ ಗುಟ್ಟು

ಇನ್ನು ಆ ತಂದೆಯ ಪ್ರಶ್ನೆ. ಎರಡು ಗಂಟೆಗೊಮ್ಮೆ 2 ಮಿ.ಲೀ. ಎಂದರೆ ದಿನಕ್ಕೆ 24 ಮಿ.ಲೀ., ಅದರಿಂದ ಸಿಗುವುದು ಬರಿಯ 16 ಕಿಲೋಕ್ಯಾಲೊರಿ. ಇಷ್ಟರಿಂದ ಮಗು ಬದುಕದು, ನಿಜ. ಬದುಕಲು ಬೇಕಾದ ಗ್ಲೂಕೋಸ್, ಅಮೈನೊ ಆಮ್ಲ, ಕೊಬ್ಬುಗಳನ್ನು ಆ ದಿನಗಳಲ್ಲಿ ರಕ್ತನಾಳದ ಮೂಲಕ ಕೊಡುತ್ತಿರುತ್ತಾರೆ. ಹಾಗಿದ್ದರೆ ಹಾಲು ಯಾರಿಗೆ? ಕರುಳಿಗೆ. ಕರುಳಿನ ಒಳಪದರದ ಕೋಶಗಳು ತಮ್ಮ ಮೇಲೆ ಹರಿದುಹೋಗುವ ಆಹಾರದಿಂದಲೇ ಬಲಿಯುತ್ತವೆ. ಖಾಲಿ ಬಿಟ್ಟ ಕರುಳು ಸೊರಗುತ್ತದೆ. ಹೀಗೆ ಕರುಳನ್ನು ಕೆಲಸಕ್ಕೆ ಅಣಿಗೊಳಿಸಲು ಕೊಡುವ ಹಾಲು ದಿನಕ್ಕೆ ಪ್ರತಿ ಕಿಲೋಗ್ರಾಂಗೆ 10ರಿಂದ 20 ಮಿ.ಲೀ. ಮಾತ್ರ.

ಅಲ್ಲಿಂದ ಎಷ್ಟು ಬೇಗ ಏರಿಸಬಹುದು? ನಿಧಾನವಾಗಿ ಏರಿಸಿದಷ್ಟೂ ಕ್ಷೇಮ ಎಂಬ ಭಾವನೆ ಬಹುಕಾಲ ಇತ್ತು. ಬ್ರಿಟನ್ ಮತ್ತು ಐರ್ಲೆಂಡಿನ 2,804 ಶಿಶುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ದಿನಕ್ಕೆ ಪ್ರತಿ ಕಿಲೋಗ್ರಾಂಗೆ 18 ಮಿ.ಲೀ. ಏರಿಸಿದ ಗುಂಪಿಗೂ 30 ಮಿ.ಲೀ. ಏರಿಸಿದ ಗುಂಪಿಗೂ ಮುಂದಿನ ಬದುಕಿನಲ್ಲಾಗಲಿ ನರಮಂಡಲದ ಬೆಳವಣಿಗೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇಗ ಏರಿಸಿದರೆ ರಕ್ತನಾಳದ ಕೊಳವೆಯನ್ನು ಬೇಗ ತೆಗೆಯಬಹುದು. ಕೊಳವೆ ಇರುವಷ್ಟು ದಿನವೂ ಸೋಂಕಿನ ಭಯ ಇದ್ದೇ ಇರುತ್ತದೆ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಪೂರ್ಣ ಆಹಾರದ ಹಂತದಲ್ಲಿ 1 ಕಿ.ಗ್ರಾಂ. ಮಗುವಿಗೆ ದಿನಕ್ಕೆ ಸುಮಾರು 180 ಮಿ.ಲೀ. ಹಾಲು ಕೊಡುತ್ತಾರೆ. ಇದಕ್ಕಿಂತ ಹೆಚ್ಚಾದರೆ ಹೃದಯ, ಶ್ವಾಸಕೋಶಗಳಿಗೆ ಭಾರ. 180 ಮಿ.ಲೀ.ಯಲ್ಲಿ 120 ಕಿಲೋಕ್ಯಾಲೊರಿ ಸಿಗುತ್ತದೆ. ಶಕ್ತಿಯ ಲೆಕ್ಕ ಸರಿಹೋಯಿತು.

ಈಗ ಪ್ರೋಟೀನು. ಬೇಕಾದದ್ದು ದಿನಕ್ಕೆ 3.5ರಿಂದ 4 ಗ್ರಾಂ. ಕೆಲವು ವಾರ ಕಳೆದ ಎದೆಹಾಲಿನಲ್ಲಿರುವುದು 100 ಮಿ.ಲೀ.ಗೆ 1.2 ಗ್ರಾಂ ಎಂದುಕೊಂಡರೂ ಸಿಗುವುದು 2.2 ಗ್ರಾಂ ಮಾತ್ರ. ಅವಧಿಗೆ ಮುನ್ನ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನು ಹೆಚ್ಚಾಗಿರುತ್ತದೆ. ಇದೊಂದು ಸೋಜಿಗ. ಆದರೆ ವಾರಗಳು ಕಳೆದಂತೆ ಅದು ಇಳಿಯುತ್ತದೆ. ಕ್ಯಾಲ್ಸಿಯಂ ಸ್ಥಿತಿ ಇನ್ನೂ ಕಷ್ಟ. ಗರ್ಭದಲ್ಲಿ ದಿನಕ್ಕೆ ಪ್ರತಿ ಕಿಲೋಗ್ರಾಂಗೆ 100 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಮೂಳೆ ಸೇರುತ್ತಿತ್ತು. 180 ಮಿ.ಲೀ. ಹಾಲಿನಲ್ಲಿರುವುದು ಸುಮಾರು 50 ಮಿಲಿಗ್ರಾಂ, ಅದರಲ್ಲೂ ಕರುಳು ಹೀರಿಕೊಳ್ಳುವುದು ಒಂದು ಪಾಲು. ರಂಜಕದ ಕತೆಯೂ ಹೀಗೆಯೇ. ಹಾಲನ್ನಷ್ಟೇ ನಂಬಿದರೆ ತೂಕ ಏರಿದರೂ ಮೂಳೆ ಮೆತ್ತಗಾಗಿ, ಕೆಲವೊಮ್ಮೆ ಪಕ್ಕೆಲುಬು ಮುರಿಯುವುದೂ ಉಂಟು.

ಎದೆಹಾಲು ಕಡಿಮೆ ದರ್ಜೆಯದು ಎಂದು ಇದರಿಂದ ತೀರ್ಮಾನಿಸಬಾರದು. ದಿನ ತುಂಬಿದ ಮಗುವಿಗೆ ಅದು ಹೇಳಿ ಮಾಡಿಸಿದಂತಿದೆ. ಜರಾಯು ಮಾಡಬೇಕಾದ ಕೆಲಸವನ್ನು ಹಾಲಿನಿಂದ ನಿರೀಕ್ಷಿಸುತ್ತಿರುವವರು ನಾವು. ಕೊರತೆ ತುಂಬಲು ಫಾರ್ಟಿಫೈಯರ್ ಎಂಬ ಪುಡಿಯನ್ನು ತಾಯಿಯ ಹಾಲಿಗೇ ಬೆರೆಸುತ್ತಾರೆ. 32 ವಾರಕ್ಕೆ ಮೊದಲು ಹುಟ್ಟಿದ ಅಥವಾ ಒಂದೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳಿಗೆ ಹೀಗೆ ಬೆರೆಸುವುದನ್ನು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಪುಡಿಯಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ರಂಜಕ, ಜೀವಸತ್ವಗಳಿರುತ್ತವೆ.

'ಪುಡಿ ಏಕೆ? ಕ್ಯಾಲ್ಸಿಯಂ ಲವಣ, ಫಾಸ್ಫೇಟ್ ಲವಣ ಎರಡನ್ನೂ ಕರಗಿಸಿ ಕೊಟ್ಟರಾಗದೆ?' ಎಂದು ನನ್ನ ಶಿಷ್ಯರು ಕೇಳಿದರು. ಉತ್ತರ ಅವರ ಶಾಲೆಯ ಪ್ರಯೋಗಾಲಯದಲ್ಲೇ ಇದೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಿಯಂ ಫಾಸ್ಫೇಟ್ ದ್ರಾವಣ ಸುರಿದು ನೋಡಿ, ಬಿಳಿಯ ಒತ್ತರ ತಳ ಸೇರುತ್ತದೆ. ಹಾಲಿನಲ್ಲಿ ಇವೆರಡೂ ಒಟ್ಟಿಗೆ ಇರುವುದು ಕೇಸಿನ್ ಎಂಬ ಪ್ರೋಟೀನಿನ ಸೂಕ್ಷ್ಮ ಕಣಗಳು ಅವನ್ನು ಹಿಡಿದಿಟ್ಟುಕೊಳ್ಳುವುದರಿಂದ. ಇನ್ನು, ಪುಡಿ ಹೆಚ್ಚಿದ್ದಷ್ಟೂ ಒಳ್ಳೆಯದೇನಲ್ಲ. ಕರಗಿದ ಕಣಗಳು ಹೆಚ್ಚಿದಂತೆ ಪರಾಸರಣ ಒತ್ತಡ ಏರಿ, ಎಳೆಯ ಕರುಳಿಗೆ ತೊಂದರೆಯಾದೀತು. ಆದ್ದರಿಂದ ಪೊಟ್ಟಣದ ಮೇಲಿನ ಅಳತೆಯನ್ನು ಮನಬಂದಂತೆ ಬದಲಿಸಬಾರದು.

ಡಬ್ಬಿಹಾಲನ್ನೇ ಕೊಡಬಹುದಲ್ಲ?

ಅವಧಿಪೂರ್ವ ಶಿಶುಗಳಿಗೆಂದೇ ತಯಾರಿಸಿದ, ಹಸುವಿನ ಹಾಲಿನಿಂದ ಮಾಡಿದ ಡಬ್ಬಿಹಾಲುಗಳಿವೆ. ಮೇಲಿನ ಲೆಕ್ಕದಲ್ಲಿ ಅವು ಎಲ್ಲ ಅಂಕಣಗಳಲ್ಲೂ ತೇರ್ಗಡೆಯಾಗುತ್ತವೆ. ಕ್ಯಾಲೊರಿ ಇದೆ, ಪ್ರೋಟೀನು ಇದೆ, ಕ್ಯಾಲ್ಸಿಯಂ ಇದೆ. ತೂಕವೂ ಬೇಗ ಏರುತ್ತದೆ. ಸಂಖ್ಯೆಗಳನ್ನು ಪ್ರೀತಿಸುವ ನಮ್ಮಂಥವರು ಎಡವುವುದು ಇಲ್ಲೇ.

ಅವಧಿಪೂರ್ವ ಶಿಶುಗಳಿಗೆ ಬರುವ ಒಂದು ಭೀಕರ ಕಾಯಿಲೆಯಲ್ಲಿ ಕರುಳಿನ ಗೋಡೆ ಉರಿಯೂತಕ್ಕೊಳಗಾಗಿ ಕೊಳೆಯುತ್ತದೆ. ವೈದ್ಯರು ಇದನ್ನು ಎನ್.ಇ.ಸಿ. ಎನ್ನುತ್ತಾರೆ. ಚೆನ್ನಾಗಿದ್ದ ಮಗು ಎರಡು ಮೂರನೆಯ ವಾರದಲ್ಲಿ ಹೊಟ್ಟೆಯುಬ್ಬಿ, ಒಂದೆರಡು ದಿನಗಳಲ್ಲೇ ಕೈಬಿಟ್ಟುಹೋಗಬಹುದು. 1990ರಲ್ಲಿ ಬ್ರಿಟನ್ನಿನ ಅಲನ್ ಲೂಕಾಸ್ ಮತ್ತು ಟಿ.ಜೆ. ಕೋಲ್ 926 ಅವಧಿಪೂರ್ವ ಶಿಶುಗಳ ಅಧ್ಯಯನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಎದೆಹಾಲನ್ನಷ್ಟೇ ಕುಡಿದ ಶಿಶುಗಳಿಗೆ ಹೋಲಿಸಿದರೆ ಡಬ್ಬಿಹಾಲನ್ನಷ್ಟೇ ಕುಡಿದವುಗಳಲ್ಲಿ ಈ ಕಾಯಿಲೆ ಆರರಿಂದ ಹತ್ತು ಪಟ್ಟು ಹೆಚ್ಚಾಗಿತ್ತು.

ಹಾಲಿನಲ್ಲಿ ಕ್ಯಾಲೊರಿಯ ಲೆಕ್ಕಕ್ಕೆ ಸಿಗದ ವಸ್ತುಗಳಿವೆ ಎಂದಾಯಿತು. ಕರುಳಿನ ಗೋಡೆಗೆ ಬಣ್ಣ ಬಳಿದಂತೆ ಹರಡಿ ರೋಗಾಣುಗಳನ್ನು ತಡೆಯುವ ಪ್ರತಿಕಾಯಗಳು, ಬ್ಯಾಕ್ಟೀರಿಯಾಗಳಿಗೆ ಕಬ್ಬಿಣ ಸಿಗದಂತೆ ಕಟ್ಟಿಹಾಕುವ ಲ್ಯಾಕ್ಟೋಫೆರಿನ್, ಅವುಗಳ ಕವಚವನ್ನು ಒಡೆಯುವ ಲೈಸೊಜೈಮ್. ಇವೆಲ್ಲಕ್ಕಿಂತ ನನಗೆ ಅಚ್ಚರಿ ತಂದದ್ದು ಒಂದು ಬಗೆಯ ಸಂಕೀರ್ಣ ಸಕ್ಕರೆಗಳು. ಲ್ಯಾಕ್ಟೋಸ್ ಮತ್ತು ಕೊಬ್ಬುಗಳ ನಂತರ ಎದೆಹಾಲಿನಲ್ಲಿ ಅತಿ ಹೆಚ್ಚಾಗಿರುವ ಘನ ಪದಾರ್ಥ ಇವೇ. ಆದರೆ ಮಗು ಅವನ್ನು ಜೀರ್ಣಿಸಿಕೊಳ್ಳಲಾರದು! ಕರುಳಿನಲ್ಲಿ ನೆಲೆಸುವ ಬೈಫಿಡೊ ಬ್ಯಾಕ್ಟೀರಿಯಾಗಳಿಗೆ ಅವು ಆಹಾರ. ತಾಯಿ ಮಗುವಿಗಷ್ಟೇ ಅಲ್ಲ, ಮಗುವಿನೊಳಗಿನ ನೆರೆಹೊರೆಯವರಿಗೂ ಅಡುಗೆ ಮಾಡುತ್ತಾಳೆ.

ಮೇಲೇರುವ ಕೆನೆ

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರರ ತಾಳ ಕೂಡಿಬರುವುದು 32ರಿಂದ 34 ವಾರಗಳ ಸುಮಾರಿಗೆ. ಅಲ್ಲಿಯವರೆಗೆ ಬಾಯಿಯಿಂದಲೋ ಮೂಗಿನಿಂದಲೋ ಹೊಟ್ಟೆಗಿಳಿಸಿದ ಸಣ್ಣ ಕೊಳವೆಯಲ್ಲಿ ಹಾಲು ಕೊಡುತ್ತಾರೆ. ಕೆಲವೊಮ್ಮೆ ಸಿರಿಂಜ್ ಪಂಪಿನ ಮೂಲಕ ಗಂಟೆಗಟ್ಟಲೆ ನಿಧಾನವಾಗಿ ಹರಿಸುವುದೂ ಉಂಟು. ಇಲ್ಲೊಂದು ಸ್ವಾರಸ್ಯವಿದೆ.

ಎದೆಹಾಲಿನ ಅರ್ಧದಷ್ಟು ಕ್ಯಾಲೊರಿ ಇರುವುದು ಕೊಬ್ಬಿನಲ್ಲಿ. ಆ ಕೊಬ್ಬು ಸುಮಾರು 4 ಮೈಕ್ರೊಮೀಟರ್ ವ್ಯಾಸದ ಗೋಲಗಳಾಗಿ ತೇಲುತ್ತಿರುತ್ತದೆ. ಸುತ್ತಲಿನ ದ್ರವಕ್ಕಿಂತ ಹಗುರ. ಸ್ಟೋಕ್ಸ್ ನಿಯಮವನ್ನು ಹಾಕಿ ನೋಡಿ. ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 110 ಕಿ.ಗ್ರಾಂ., ಸ್ನಿಗ್ಧತೆ ನೀರಿನ ಒಂದೂವರೆ ಪಟ್ಟು ಎಂದುಕೊಂಡರೆ ಗೋಲ ಗಂಟೆಗೆ ಎರಡು ಮಿಲಿಮೀಟರಿಗಿಂತ ತುಸು ಹೆಚ್ಚು ಮೇಲೇರುತ್ತದೆ. ವೇಗ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 8 ಮೈಕ್ರೊಮೀಟರಿನ ಗೋಲ ಗಂಟೆಗೆ 9 ಮಿಲಿಮೀಟರ್ ಏರೀತು. ಸಿರಿಂಜಿನ ಅಗಲವೇ ಎರಡು ಸೆಂಟಿಮೀಟರ್. ಅಡ್ಡಲಾಗಿ ಮಲಗಿಸಿದ ಸಿರಿಂಜಿನಲ್ಲಿ ಕೆನೆ ಮೇಲಿನ ಗೋಡೆಗೂ ಆಮೇಲೆ ಕೊಳವೆಗೂ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಅಳತೆಯ ಪ್ರಕಾರ ಹಾಲು ಪೂರ್ತಿ ಹೋಗಿದೆ, ಕ್ಯಾಲೊರಿ ಹೋಗಿಲ್ಲ! ಇದಕ್ಕೆ ಪರಿಹಾರ ಸರಳ. ಸಿರಿಂಜಿನ ಮೂತಿಯನ್ನು ಮೇಲಕ್ಕೆ ಓರೆಯಾಗಿಟ್ಟರೆ ಮೇಲೇರಿದ ಕೆನೆ ಮೊದಲು ಮಗುವಿಗೆ ಸಲ್ಲುತ್ತದೆ. ಗುರುತ್ವದಿಂದ ಕೆಲವೇ ನಿಮಿಷಗಳಲ್ಲಿ ಇಳಿಸಿದರೆ ನಷ್ಟ ಇನ್ನೂ ಕಡಿಮೆ. ಸ್ಟೋಕ್ಸ್ ನಿಯಮವನ್ನು ಮೂವತ್ತು ವರ್ಷ ಗಾಜಿನ ಜಾಡಿ ಮತ್ತು ಉಕ್ಕಿನ ಗುಂಡುಗಳಿಂದಲೇ ಕಲಿಸಿದ ನನಗೆ ಈ ಉದಾಹರಣೆ ಮೊದಲೇ ಗೊತ್ತಿದ್ದಿದ್ದರೆ ಎನಿಸಿತು.

ತಾಯಿಯ ಹಾಲು ಸಿಗದಿದ್ದರೆ

ಮೊದಲ ದಿನ ಆ ತಾಯಿ ಹಿಂಡಿ ತೆಗೆದದ್ದು ಒಂದು ಚಮಚದಷ್ಟು ಹಳದಿ ಹಾಲು. 'ಇವಳಿಗೆ ಹಾಲೇ ಇಲ್ಲ' ಎಂದು ಬಂಧುಗಳು ತೀರ್ಪು ಕೊಟ್ಟೇಬಿಟ್ಟರು. ಆಕೆ ಅತ್ತಳಂತೆ. ಒಂದು ಚಮಚ ಎಂದರೆ 5 ಮಿ.ಲೀ. ಮಗುವಿಗೆ ಆ ಹೊತ್ತಿಗೆ ಬೇಕಿದ್ದದ್ದು ಎರಡೆರಡೇ ಮಿಲಿಲೀಟರ್. ಅದು ಎರಡು ಸಲಕ್ಕೆ ಸಾಕಾದೀತು, ಅದೂ ಪ್ರತಿಕಾಯಗಳು ಅತಿ ಹೆಚ್ಚಾಗಿರುವ ಹಾಲು. ಪ್ರಸವದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ತೊಡಗಿ, ರಾತ್ರಿಯೂ ಸೇರಿದಂತೆ ದಿನಕ್ಕೆ ಎಂಟು ಸಲ ತೆಗೆಯುತ್ತಿದ್ದರೆ ಹಾಲು ಏರುತ್ತದೆ. ತೆಗೆದಷ್ಟೂ ಉತ್ಪತ್ತಿ ಎಂಬುದು ಇಲ್ಲಿನ ನಿಯಮ. ಐದನೆಯ ದಿನಕ್ಕೆ ಆಕೆಯ ಹಾಲು ಮಗುವಿನ ಅವಶ್ಯಕತೆಯನ್ನು ದಾಟಿತ್ತು.

ಎಲ್ಲರಿಗೂ ಇದು ಸಾಧ್ಯವಾಗುವುದಿಲ್ಲ. ತಾಯಿ ತೀವ್ರ ಅಸ್ವಸ್ಥಳಾಗಿರಬಹುದು. ಆಗ ಎರಡನೆಯ ಆಯ್ಕೆ ಬೇರೆ ತಾಯಂದಿರು ದಾನ ಮಾಡಿದ ಹಾಲು. ಇಂಥ ಬ್ಯಾಂಕು ಜಗತ್ತಿನಲ್ಲಿ ಮೊದಲು ಆರಂಭವಾದದ್ದು 1909ರಲ್ಲಿ, ವಿಯೆನ್ನಾದಲ್ಲಿ. ಭಾರತದಲ್ಲಿ, ಏಷ್ಯಾದಲ್ಲೇ ಮೊದಲನೆಯದೆನ್ನುವಂತೆ, 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅದನ್ನು ಸ್ಥಾಪಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಬ್ಯಾಂಕ್ ತೆರೆಯಿತು.

ದಾನದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ ತಟ್ಟನೆ ತಣಿಸುತ್ತಾರೆ. ರೋಗಕಾರಕ ಬ್ಯಾಕ್ಟೀರಿಯಾಗಳೂ ಎಚ್.ಐ.ವಿ.ಯಂಥ ವೈರಸ್‌ಗಳೂ ನಿಷ್ಕ್ರಿಯವಾಗುತ್ತವೆ. ಜೊತೆಗೆ ಪ್ರತಿಕಾಯಗಳೂ ಲ್ಯಾಕ್ಟೋಫೆರಿನ್ನೂ ಒಂದಷ್ಟು ಕಳೆದುಹೋಗುತ್ತವೆ, ಕೊಬ್ಬನ್ನು ಜೀರ್ಣಿಸಲು ಹಾಲಿನಲ್ಲೇ ಇರುವ ಲೈಪೇಸ್ ಕಿಣ್ವ ನಾಶವಾಗುತ್ತದೆ. ಸಕ್ಕರೆಗಳು ಉಳಿಯುತ್ತವೆ. ದಾನದ ಹಾಲು ಕುಡಿದ ಶಿಶುಗಳ ತೂಕ ಡಬ್ಬಿಹಾಲಿನಷ್ಟು ವೇಗವಾಗಿ ಏರುವುದಿಲ್ಲ, ಆದರೆ ಕರುಳಿನ ಕಾಯಿಲೆ ಕಡಿಮೆ. ನನ್ನನ್ನು ಕೇಳಿದರೆ ಈ ವಿನಿಮಯದಲ್ಲಿ ಲಾಭ ಯಾವ ಕಡೆಗಿದೆ ಎಂಬುದು ಸ್ಪಷ್ಟ.

ಎದೆಗವಚಿಕೊಂಡ ಹೀಟರ್

ಉಷ್ಣದ ಲೆಕ್ಕಕ್ಕೆ ಮತ್ತೆ ಬರೋಣ. ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ 1978ರಲ್ಲಿ ಇನ್‌ಕ್ಯುಬೇಟರುಗಳು ಸಾಲದೆ, ಡಾ. ಎಡ್ಗರ್ ರೇ ಸನಾಬ್ರಿಯಾ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ಕ್ರಮ ತಂದರು. ಇದೇ ಕಾಂಗರೂ ಆರೈಕೆ. ತಾಯಿಯ ದೇಹ ಸುಮಾರು 37 ಡಿಗ್ರಿಯಲ್ಲಿರುವ ನೂರು ವ್ಯಾಟಿನ ಆಕರ. ಮಗುವಿನ ಮೇಲ್ಮೈಯ ದೊಡ್ಡ ಪಾಲು ಅದಕ್ಕೆ ಅಂಟಿಕೊಂಡರೆ ಕಿಟಕಿ ಅಷ್ಟರಮಟ್ಟಿಗೆ ಮುಚ್ಚಿದಂತೆ. ಉಳಿದ ಕ್ಯಾಲೊರಿ ಬೆಳವಣಿಗೆಗೆ ಸಲ್ಲುತ್ತದೆ, ತಾಯಿಯ ಹಾಲೂ ಹೆಚ್ಚುತ್ತದೆ. ದೆಹಲಿ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿ ನೋಡಿದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಹೊರಬಂತು. 28 ದಿನಗಳೊಳಗಿನ ಸಾವು ಶೇ. 15.7ರಿಂದ ಶೇ. 12ಕ್ಕೆ ಇಳಿದಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ 2010ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಇಡೀ ಜಿಲ್ಲೆಗೆ ಈ ಕ್ರಮವನ್ನು ವಿಸ್ತರಿಸುವ ಅಧ್ಯಯನ ನಡೆಯಿತು. ಅಪ್ಪ, ಅಜ್ಜಿ ಯಾರು ಬೇಕಾದರೂ ಸರದಿಯಲ್ಲಿ ಈ ಕೆಲಸ ಮಾಡಬಹುದು. ನನ್ನ ಶಿಷ್ಯರು ಶಾಲೆಗೆ ರಜೆ ಹಾಕಿ ದಿನಕ್ಕೆ ನಾಲ್ಕು ಗಂಟೆ ಹೀಟರ್ ಆಗಿದ್ದರು.

ನಾಲ್ಕನೆಯ ವಾರದ ಕೊನೆಗೆ ಕೊಳವೆ ತೆಗೆದರು. ಬಾಟಲಿಗೆ ಬದಲು ಚಿಕ್ಕ ಬಟ್ಟಲು ಅಥವಾ 'ಪಾಲಡೈ'ಯಿಂದ ಕುಡಿಸುವುದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ರೂಢಿ. ಮೂತಿ ಇರುವ ಈ ಪುಟ್ಟ ಪಾತ್ರೆಯನ್ನು ದಾದಿ ತೋರಿಸಿದಾಗ ಮಗುವಿನ ಅಜ್ಜಿ, "ಅಯ್ಯೋ, ಇದು ನಮ್ಮ ಒಳಲೆ ಅಲ್ಲವೇ!" ಎಂದು ಊರಿನಿಂದ ಬೆಳ್ಳಿಯ ಒಳಲೆಯನ್ನೇ ತರಿಸಿದರಂತೆ. ಮೂಲೆಮುಡುಕು ತೊಳೆಯಲು ಕಷ್ಟವಾದ ಹಳೆಯ ಪಾತ್ರೆ ಬೇಡ, ನುಣುಪಾದ ಸ್ಟೀಲಿನದಿರಲಿ, ಪ್ರತಿ ಸಲವೂ ಕುದಿಸಿರಬೇಕು ಎಂದು ದಾದಿ ಹೇಳಿದರು. ಬೆಳ್ಳಿಯದು ಮನೆಯ ಕಪಾಟಿಗೆ ಹಿಂದಿರುಗಿತು. ಆರನೆಯ ವಾರದಲ್ಲಿ 1 ಕಿ.ಗ್ರಾಂ. 900 ಗ್ರಾಂ ತೂಕದೊಡನೆ ಮಗು ಮನೆಗೆ ಹೋಯಿತು, ಕಬ್ಬಿಣದ ಹನಿ ಮತ್ತು 'ಡಿ' ಜೀವಸತ್ವದ ಹನಿಗಳ ಚೀಟಿಯೊಂದಿಗೆ. ಮೊನ್ನೆ ದೂರವಾಣಿಯಲ್ಲಿ ಆಕೆಯ ಅಳು ಜೋರಾಗಿ ಕೇಳಿಸಿತು. ಹಸಿವಂತೆ.